ಬಸ್ಕಿಗೆ ಸಿಗದ ಅಡ್ಡಿ, ಸ್ಕ್ವಾಟ್‌ಗೆ ಸಿಗುವುದೇಕೆ?

ಎಲ್ಲರಿಗೂ ನಮಸ್ಕಾರ.

ಗರಡಿಮನೆಯ ಬಸ್ಕಿಯನ್ನು ಗಮನಿಸಿ. ಕೆಳಗಿಳಿಯುವಾಗ ಹಿಮ್ಮಡಿ ನೆಲ ಬಿಟ್ಟು ಮೇಲೇಳುತ್ತದೆ, ಭಾರ ಮುಂಗಾಲಿಗೆ ಬರುತ್ತದೆ. ಹೀಗಾಗಿ ಪಾದದ ಕೀಲು ಬಿಗಿಯಾಗಿದ್ದರೂ ಬಸ್ಕಿ ನಡೆದುಹೋಗುತ್ತದೆ. ಬಾರ್‌ಬೆಲ್ ಸ್ಕ್ವಾಟ್‌ನಲ್ಲಿ, ಅಂದರೆ ಭಾರದ ಸರಳನ್ನು ಹೆಗಲ ಮೇಲೆ ಹೊತ್ತು ಕುಳಿತೇಳುವಾಗ, ಹಿಮ್ಮಡಿ ನೆಲಕ್ಕೆ ಅಂಟಿಕೊಂಡೇ ಇರಬೇಕು. ಆಗ ಕೀಲಿನ ಬಿಗಿತದಿಂದ ಮಂಡಿ ಮುಂದೆ ಹೋಗದಿದ್ದರೆ ಬೆನ್ನು ಮುಂದಕ್ಕೆ ಬಾಗುತ್ತದೆ, ಇಲ್ಲವೇ ಪಾದ ಒಳಕ್ಕೆ ವಾಲುತ್ತದೆ. ಬೈಸಿಕೊಳ್ಳುವುದು ಮಾತ್ರ ಸೊಂಟ!

ಪಾದದ ಕೀಲು ಎಷ್ಟು ಬಾಗುತ್ತದೆ ಎಂದು ಮೊದಲು ಅಳೆಯಿರಿ. ಬರಿಗಾಲಲ್ಲಿ ಗೋಡೆಗೆ ಎದುರಾಗಿ, ಹೆಬ್ಬೆರಳು ಗೋಡೆಯಿಂದ ಸುಮಾರು 10 ಸೆಂ.ಮೀ. ದೂರವಿರುವಂತೆ ನಿಲ್ಲಿ. ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ. ಆಗದಿದ್ದರೆ ಪಾದವನ್ನು ಹತ್ತಿರ ತಂದು, ತಾಗುವ ದೂರವನ್ನು ಬರೆದಿಟ್ಟುಕೊಳ್ಳಿ. ಎರಡೂ ಕಾಲು ನೋಡಿ. ಮಂಡಿ ಎರಡನೇ ಬೆರಳಿನ ನೇರಕ್ಕೇ ಹೋಗಬೇಕು. ಪಾದದ ಕಮಾನು ಕುಸಿದರೆ ದೂರ ಹೆಚ್ಚಿದಂತೆ ಕಾಣುತ್ತದೆ, ಆ ಅಳತೆ ಸುಳ್ಳು.

ಬಿಗಿತ ಎಲ್ಲಿ ಅನ್ನುವುದು ಮುಖ್ಯ. ಹಿಂದೆ, ಮೀನಖಂಡದಲ್ಲಿ ಎಳೆದಂತಾದರೆ ಸ್ನಾಯುವಿನ ಬಿಗಿತವಿರಬಹುದು, ಸ್ಟ್ರೆಚಿಂಗ್‌ಗೆ ಬಗ್ಗುತ್ತದೆ. ಪಾದದ ಕೀಲಿನ ಮುಂಭಾಗದಲ್ಲಿ ಚುಚ್ಚಿ ತಡೆದಂತಾದರೆ ಮೀನಖಂಡವನ್ನು ಎಷ್ಟು ಎಳೆದರೂ ಹೆಚ್ಚು ಪ್ರಯೋಜನವಿಲ್ಲ. ಹಳೆಯ ಉಳುಕು, ಮೂಳೆ ಮುರಿತ ಇದ್ದವರು ಫಿಸಿಯೊಥೆರಪಿಸ್ಟ್‌ಗೆ ತೋರಿಸಿಕೊಳ್ಳಿ.

ಇನ್ನು ಕ್ರಮ. ಜಿಮ್‌ಗೆ ಬಂದೊಡನೆ ತಣ್ಣಗಿನ ಮೈಯಲ್ಲೇ ಕಾಲನ್ನು ಬೆಂಚಿಗೇರಿಸಿ ನಿಮಿಷಗಟ್ಟಲೆ ಎಳೆಯುವ ಅಭ್ಯಾಸ ಬಹಳ ಜನರಿಗಿದೆ. ಒಂದೇ ಸ್ನಾಯುವನ್ನು 60 ಸೆಕೆಂಡಿಗಿಂತ ಹೆಚ್ಚು ಹೊತ್ತು ಎಳೆದು ಹಿಡಿದರೆ ಅದರ ಬಲ ಸ್ವಲ್ಪ ಹೊತ್ತು ತಗ್ಗಬಹುದು. ಭಾರ ಎತ್ತುವ ಮುನ್ನ ಅದೇಕೆ? 5 ನಿಮಿಷ ಬಿರುಸಾಗಿ ನಡೆಯಿರಿ. ಆಮೇಲೆ ಅದೇ ಗೋಡೆಯ ಚಲನೆ, ಒಂದೊಂದು ಕಾಲಿಗೆ 10 ಸಲ, ನಿಧಾನವಾಗಿ. ನಂತರ 6–8 ಕೆ.ಜಿ. ಡಂಬೆಲ್ಲನ್ನು ಎದೆಗವಚಿ ಕೆಳಗಿಳಿದು 20 ಸೆಕೆಂಡು ಕುಳಿತು, ಭಾರವನ್ನು ಎಡಕ್ಕೂ ಬಲಕ್ಕೂ ವಾಲಿಸಿ. ಆಮೇಲೆ ಖಾಲಿ ಬಾರ್‌ನಲ್ಲಿ ಒಂದು ಸೆಟ್.

ಮೀನಖಂಡವನ್ನು ಎಳೆದು ಹಿಡಿಯುವ ಸ್ಟ್ರೆಚ್, ವ್ಯಾಯಾಮವೆಲ್ಲ ಮುಗಿದ ಮೇಲಿರಲಿ: 30 ಸೆಕೆಂಡಿನಂತೆ ಎರಡು ಸಲ, ವಾರಕ್ಕೆ ಕನಿಷ್ಠ 2–3 ದಿನ. ಇಲ್ಲೊಂದು ತಪ್ಪು ಸಾಮಾನ್ಯ. ಮಂಡಿ ನೇರವಿದ್ದಾಗ ಮುಖ್ಯವಾಗಿ ಮೀನಖಂಡದ ಮೇಲ್ಪದರ ಎಳೆಯುತ್ತದೆ. ಸ್ಕ್ವಾಟ್‌ನಲ್ಲಿ ತಡೆಯುವುದು ಹೆಚ್ಚಾಗಿ ಒಳಪದರದ ಸ್ನಾಯು. ಅದಕ್ಕೆ ಮಂಡಿ ಮಡಿಸಿಯೇ ಎಳೆಯಬೇಕು.

ಸಿಕ್ಕ ಚಲನೆ ಉಳಿಯಲು ಆ ಅಂಚಿನಲ್ಲಿ ಬಲವೂ ಬೇಕು. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿಟ್ಟು, 3 ಎಣಿಸುತ್ತ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗಿಳಿಸಿ, ಮತ್ತೆ ಎತ್ತಿ, 8–10 ಸಲ. ಬದಲಾವಣೆಗೆ ಕೆಲವು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಹಿಮ್ಮಡಿ ಎತ್ತರವಿರುವ ಲಿಫ್ಟಿಂಗ್ ಶೂ ಹಾಕಿ ಸ್ಕ್ವಾಟ್ ಮಾಡಲು ನಾಚಿಕೆ ಬೇಡ. ಒಲಿಂಪಿಕ್ಸ್‌ನ ವೇಟ್‌ಲಿಫ್ಟರ್‌ಗಳೂ ಅದನ್ನೇ ಹಾಕುತ್ತಾರೆ.