‘ಲೆವೆಲ್3’ ಆಲ್ಬಮ್‌ನಲ್ಲಿ ದನಿ ಎಲ್ಲಿ ಹೋಯಿತು?

ನಮಸ್ಕಾರ. ಜಪಾನಿನ ಪಾಪ್ ತಂಡ ಪರ್ಫ್ಯೂಮ್‌ನ ಇಬ್ಬರು ಅಭಿಮಾನಿಗಳು ಒಂದು ಕಡೆ ಸೇರಿದರೆ ‘ಲೆವೆಲ್3’ ಮಾತು ಬಂದೇ ಬರುತ್ತದೆ. ಆಮೇಲೆ ವಾದವೂ ಶುರುವಾಗುತ್ತದೆ. 2013ರ ಅಕ್ಟೋಬರ್‌ನಲ್ಲಿ ಬಂದ ಆಲ್ಬಮ್ ಅದು. ಇಷ್ಟು ವರ್ಷವಾದರೂ ಆ ವಾದ ತಣ್ಣಗಾಗಿಲ್ಲ. ನನಗೆ ಈ ಆಲ್ಬಮ್ ತುಂಬಾ ಇಷ್ಟ. ಒಂದೇ ಒಂದು ಬೇಜಾರಿದೆ, ಅದನ್ನೂ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ತಂಡದಲ್ಲಿರುವುದು ಹಿರೋಷಿಮಾದಿಂದ ಬಂದ ಮೂವರು ಗಾಯಕಿಯರು: ಆ-ಚಾನ್, ಕಶಿಯುಕಾ, ನೊಚ್ಚಿ. ಹಾಡು, ಸಂಗೀತ ಎಲ್ಲ ಯಾಸುತಾಕಾ ನಕಾತಾ ಅವರದ್ದು. ಕುಣಿತ ಕಲಿಸುವವರು ಮಿಕಿಕೊ. 2008ರಲ್ಲಿ ಇವರ ‘ಗೇಮ್’ ಆಲ್ಬಮ್ ಜಪಾನಿನಲ್ಲಿ ಆಲ್ಬಮ್ ಮಾರಾಟದ ಲೆಕ್ಕ ಇಡುವ ಒರಿಕಾನ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಹಳೇ ಅಭಿಮಾನಿಗಳು ಇವತ್ತಿಗೂ ಅದನ್ನೇ ಅಳತೆಗೋಲು ಮಾಡಿಕೊಂಡಿದ್ದಾರೆ. ‘ಲೆವೆಲ್3’ ಬಗ್ಗೆ ಅವರ ದೂರು ಇಷ್ಟೇ: ಬೀಟ್ ಜಾಸ್ತಿ ಆಯ್ತು, ದನಿ ಮುಳುಗಿಹೋಯ್ತು.

ನನಗೆ ಇದು ಸರಿ ಅನ್ನಿಸುವುದಿಲ್ಲ. ಈ ಮೂವರೂ ಚಿಕ್ಕಂದಿನಲ್ಲಿ ಹಾಡುವುದನ್ನು ಕಲಿತವರು. ಗಂಟಲು ಬಿಚ್ಚಿ, ಮನಸ್ಸು ಬಿಚ್ಚಿ ಹಾಡಬೇಕು ಅನ್ನುವ ಆಸೆ ಇದ್ದವರು. ನಕಾತಾ ಅವರಿಗೆ ಬೇಕಾಗಿದ್ದು ಭಾವ ತುಂಬದ, ಸಪಾಟಾದ ದನಿ. ಅದನ್ನು ಕಂಪ್ಯೂಟರ್‌ನಲ್ಲಿ ಕತ್ತರಿಸಿ, ಬೆಸೆದು, ಒಂದು ವಾದ್ಯದ ಹಾಗೆ ಬಳಸುವುದು ಅವರ ರೀತಿ. ಮೊದಲಿಗೆ ಹುಡುಗಿಯರಿಗೆ ಇದು ಸುತರಾಂ ಹಿಡಿಸಿರಲಿಲ್ಲ. ‘ಗೇಮ್’ನಲ್ಲೇ ಇರುವ ‘ಪಾಲಿರಿದಮ್’ ಕೇಳಿ ನೋಡಿ. ಹಾಡಿನ ನಡುವೆ ಅದೇ ಪದಗಳು ಬೇರೆ ಬೇರೆ ತಾಳದ ಲೆಕ್ಕದಲ್ಲಿ ಸುತ್ತುತ್ತವೆ. ತಾಳ ತಪ್ಪಿತೇನೋ ಅಂದುಕೊಳ್ಳುವಷ್ಟರಲ್ಲಿ ಎಲ್ಲ ಮತ್ತೆ ಸಮಕ್ಕೆ ಬಂದು ಕೂರುತ್ತದೆ. ಅದನ್ನು ಮೆಚ್ಚಿದವರು ‘ಲೆವೆಲ್3’ರ ‘ಪಾರ್ಟಿ ಮೇಕರ್’ ಕೇಳಿ ಮುಖ ತಿರುಗಿಸಬಾರದು, ಅಲ್ವಾ? ಎರಡೂ ಒಂದೇ ಬೇರಿನ ಚಿಗುರು.

ಇನ್ನೊಂದು ವಿಷಯ, ಜಾಗದ್ದು. 2013ರ ಡಿಸೆಂಬರ್‌ನಲ್ಲಿ ‘ಲೆವೆಲ್3’ ಹಾಡುಗಳನ್ನು ಒಸಾಕಾದ ಕ್ಯೋಸೆರಾ ಡೋಮ್‌ಗೂ ಟೋಕಿಯೋ ಡೋಮ್‌ಗೂ ತಗೊಂಡು ಹೋದರು. ಬೇಸ್‌ಬಾಲ್ ಆಡುವ ಮೈದಾನಗಳವು! ಹಿಂದೆ ವಾದ್ಯದವರಿಲ್ಲ, ಅಕ್ಕಪಕ್ಕ ಕುಣಿಯುವವರಿಲ್ಲ. ಅಷ್ಟು ದೊಡ್ಡ ಜಾಗದಲ್ಲಿ ಮೂರೇ ಜನ. ಆ ಖಾಲಿ ಜಾಗವನ್ನು ತುಂಬಿಸಬೇಕಾದದ್ದು ಸದ್ದೇ ತಾನೇ? ಫೋನಿನ ಪುಟ್ಟ ಸ್ಪೀಕರ್‌ನಲ್ಲಿ ಕೇಳಿ ‘ಪಾರ್ಟಿ ಮೇಕರ್’ ಬರೀ ಗದ್ದಲ ಅನ್ನುವವರು ದಯವಿಟ್ಟು ಒಳ್ಳೆ ಹೆಡ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ಕೇಳಿ.

ಇದೇ ಆಲ್ಬಮ್‌ನ ‘ಮಿರಾಯ್ ನೋ ಮ್ಯೂಸಿಯಂ’ ಮಕ್ಕಳ ಹಾಡು, ಇಲ್ಲಿ ಹೊಂದಲ್ಲ ಅಂತ ಕೆಲವರು ಹೇಳುತ್ತಾರೆ. ಡೋರೇಮಾನ್ ಸಿನಿಮಾಗೆ ಮಾಡಿದ ಹಾಡು, ಹಾಗೇ ಇರುತ್ತದೆ. ನನಗೆ ಅದು ಬಂದಾಗ ಖುಷಿಯೇ ಆಗುತ್ತದೆ.

ನನ್ನ ಬೇಜಾರು ಸಿಂಗಲ್‌ಗಳದ್ದು, ಅಂದರೆ ಆಲ್ಬಮ್‌ಗೆ ಮೊದಲೇ ಬಿಡಿಯಾಗಿ ಬಂದ ಹಾಡುಗಳದ್ದು. ‘ಸ್ಪ್ರಿಂಗ್ ಆಫ್ ಲೈಫ್’, ‘ಮ್ಯಾಜಿಕ್ ಆಫ್ ಲವ್’, ‘ಸ್ಪೆಂಡಿಂಗ್ ಆಲ್ ಮೈ ಟೈಮ್’ ಮೂರನ್ನೂ ಆಲ್ಬಮ್‌ಗಾಗಿ ಬೇರೆ ಥರ ಮಿಕ್ಸ್ ಮಾಡಿದ್ದಾರೆ. ಇದರಲ್ಲಿ ‘ಸ್ಪ್ರಿಂಗ್ ಆಫ್ ಲೈಫ್’ ನನ್ನ ಪ್ರಾಣ. 2012ರ ಸಿಂಗಲ್‌ನಲ್ಲಿ ಅದಕ್ಕೊಂದು ಹಗುರವಾದ ಜಿಗಿತ ಇತ್ತು. ಇಲ್ಲಿ ಅದರ ಮೇಲೆ ಭಾರ ಹೇರಿದ ಹಾಗಾಗಿದೆ. ಈ ಒಂದು ವಿಷಯದಲ್ಲಿ ಹಳೇ ಅಭಿಮಾನಿಗಳ ಜೊತೆ ನಾನೂ ಇದ್ದೇನೆ. ಆಲ್ಬಮ್ ಮಾತ್ರ ಕೇಳಿದವರು ಸಿಂಗಲ್ ಹುಡುಕಿ ಕೇಳಲೇಬೇಕು.

ಇನ್ನೂ ದನಿ ಇಲ್ಲ ಅನ್ನುವವರಿಗೆ ನಾನು ನಾಲ್ಕನೇ ಹಾಡು ಹಾಕಿ ಕೊಡುತ್ತೇನೆ, ‘ಕ್ಲಾಕ್‌ವರ್ಕ್’. ಅಬ್ಬರವಿಲ್ಲ, ಅವಸರವಿಲ್ಲ. ಮೂವರ ದನಿ ಒಂದರ ಪಕ್ಕ ಒಂದು ಮೆಲ್ಲಗೆ ನಡೆಯುತ್ತದೆ. ನೀವೂ ಕೇಳಿ, ಕೆಳಗೆ ಬರೆಯಿರಿ. ನಾನು ಓದುತ್ತೇನೆ.