ನೋವಿನ ದಾರಿಯನ್ನು ಗೆರೆ ಎಳೆದು ತೋರಿಸಿ

ಕೇಳುಗರೆಲ್ಲರಿಗೂ ನಮಸ್ಕಾರ.

ಸೊಂಟನೋವಿಗೆ ಅಂತ ಎಂಆರ್‌ಐ ಮಾಡಿಸಿ, ಆ ದೊಡ್ಡ ಕವರನ್ನು ಬೀರುವಿನ ಮೇಲೆ ಇಟ್ಟುಕೊಂಡವರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಇವತ್ತಿನ ಮಾತು ನಿಮಗಾಗಿಯೇ. ನಾನು ನೋವಿನ ಚಿಕಿತ್ಸೆ ಮಾಡುವ ವೈದ್ಯ. ನನ್ನ ಹತ್ತಿರ ಬರುವವರು ಕೂರುವ ಮೊದಲೇ ಕವರ್ ಚಾಚಿ, "ಡಾಕ್ಟ್ರೇ, ಎಲ್ ಫೋರ್ ಎಲ್ ಫೈವ್ ಹೋಗಿದೆಯಂತೆ" ಅನ್ನುತ್ತಾರೆ. ಅಂದರೆ ಬೆನ್ನೆಲುಬಿನ ಮಣಿಗಳಲ್ಲಿ ಸೊಂಟದ ನಾಲ್ಕನೆಯದು ಮತ್ತು ಐದನೆಯದರ ನಡುವೆ ಮೆತ್ತೆಯಂತಿರುವ ಡಿಸ್ಕ್ ಕೆಟ್ಟಿದೆ ಅಂತ. ನಾನು ಕವರನ್ನು ಪಕ್ಕಕ್ಕಿಡುತ್ತೇನೆ. "ನೋವು ಎಲ್ಲಿ ಶುರುವಾಗಿ ಎಲ್ಲಿಗೆ ಇಳಿಯುತ್ತೆ, ಒಂದೇ ಬೆರಳಲ್ಲಿ ಗೆರೆ ಎಳೆದು ತೋರಿಸಿ" ಅನ್ನುತ್ತೇನೆ.

ಯಾಕೆ ಅಂದರೆ, ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ. ಪ್ರತಿಯೊಂದಕ್ಕೂ ಅದರದೇ ಸೀಮೆ ಇದೆ. ಸೊಂಟದ ನಾಲ್ಕನೇ ನರ ಮಂಡಿ ದಾಟಿ ಕಾಲಿನ ಕೆಳಭಾಗದ ಒಳಬದಿಗೆ ಹೋಗುತ್ತದೆ. ಐದನೆಯದು ಕಾಲಿನ ಹೊರಬದಿಯಿಂದ ಇಳಿದು ಪಾದದ ಮೇಲೆ ಹಾದು ಹೆಬ್ಬೆರಳಿಗೆ ಬರುತ್ತದೆ. ಅದರ ಕೆಳಗಿನದು ಮೀನಖಂಡದ ಹಿಂದಿನಿಂದ ಕಿರುಬೆರಳಿಗೆ. ನಿಮ್ಮ ಬೆರಳು ಎಳೆಯುವ ಗೆರೆಯೇ ನರ ಯಾವುದು ಅನ್ನುವುದಕ್ಕೆ ಒಳ್ಳೆಯ ಸುಳಿವು ಕೊಡುತ್ತದೆ. ಆಮೇಲೆ ಚಿತ್ರ. ನಿಮ್ಮ ಗೆರೆ, ಆ ಚಿತ್ರ, ಎರಡೂ ಒಂದೇ ನರವನ್ನು ತೋರಿಸಬೇಕು. ನಾನು ಇವತ್ತು ಹೇಳಲು ಬಂದಿರುವುದು ಇಷ್ಟೇ.

ಚಿತ್ರದಲ್ಲಿ ನರ ಬಹಳ ಚೆನ್ನಾಗಿ ಕಾಣುತ್ತದೆ. ಎರಡು ಮಣಿಗಳ ನಡುವೆ ನರ ಹೊರಬರುವ ಒಂದು ಕಿಂಡಿ ಇದೆ. ಆ ಕಿಂಡಿಯ ತುಂಬ ಕೊಬ್ಬು. ಎಂಆರ್‌ಐನ ಒಂದು ಬಗೆಯ ಚಿತ್ರದಲ್ಲಿ ಕೊಬ್ಬು ಬೆಳ್ಳಗೆ, ನಡುವೆ ನರ ಬೂದು ಚುಕ್ಕೆ. ಮೊಸರನ್ನದಲ್ಲಿ ಒಗ್ಗರಣೆಯ ಸಾಸಿವೆ ಕಾಳು ಕಂಡ ಹಾಗೆ! ಡಿಸ್ಕ್ ಜಾರಿ ಒತ್ತಿದರೆ ಆ ಬಿಳುಪು ಮಾಯವಾಗುತ್ತದೆ. ನನಗೆ ಇವತ್ತಿಗೂ ಅದನ್ನು ನೋಡುವುದು ಖುಷಿ.

ಆದರೆ ಬರೀ ಚಿತ್ರ ನೋಡಿ ಹೆದರಬೇಡಿ. ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿ, 1994ರಲ್ಲಿ ಅದರ ವರದಿ ಪ್ರಕಟಿಸಿದರು. ಅರ್ಧಕ್ಕಿಂತ ಜಾಸ್ತಿ ಜನರಿಗೆ ಡಿಸ್ಕ್ ಉಬ್ಬಿತ್ತು. ಅವರೆಲ್ಲ ಆರಾಮಾಗಿ ಓಡಾಡಿಕೊಂಡಿದ್ದವರು.

ಇಲ್ಲಿ ಒಬ್ಬರ ಕಥೆ ಹೇಳಲೇಬೇಕು. ಮಲೆನಾಡಿನ ಕಡೆಯ ಕೊನೆಗೌಡರು. ಅಡಿಕೆ ಮರ ಹತ್ತಿ ಕೊನೆ ಇಳಿಸುವವರು. ಏಳೆಂಟು ತಿಂಗಳಿಂದ ಬಲಗಾಲು ಸೆಳೆತ. ಬೇರೊಂದು ಕಡೆ ಬೆನ್ನಿಗೆ ಇಂಜೆಕ್ಷನ್ ಆಗಿತ್ತು, ಚೂರೂ ಕಡಿಮೆ ಆಗಿರಲಿಲ್ಲ. "ಇನ್ನು ಆಪರೇಷನ್ನೇ ಗತಿಯಂತೆ" ಅಂತ ಕಣ್ಣಲ್ಲಿ ನೀರು ತಂದುಕೊಂಡು ಕೂತಿದ್ದರು. ಗೆರೆ ಎಳೆಯಿರಿ ಅಂದೆ. ಪೃಷ್ಠದಿಂದ ಶುರು ಮಾಡಿ, ಕಾಲಿನ ಹೊರಬದಿಗುಂಟ ಇಳಿದು, ಪಾದದ ಮೇಲೆ ಹಾದು, ಹೆಬ್ಬೆರಳ ತುದಿಯಲ್ಲಿ ಬೆರಳು ನಿಲ್ಲಿಸಿದರು. "ಇಲ್ಲಿ ಜೋಮು ಡಾಕ್ಟ್ರೇ. ಮರ ಹಿಡಿದದ್ದೇ ಗೊತ್ತಾಗಲ್ಲ" ಅಂದರು. ಹೆಬ್ಬೆರಳನ್ನು ಮೇಲೆತ್ತಿ ಅಂದೆ. ನನ್ನ ಒಂದು ಬೆರಳಿನ ಒತ್ತಡಕ್ಕೇ ಅದು ಬಗ್ಗಿಹೋಯಿತು.

ರಿಪೋರ್ಟಿನಲ್ಲಿ ನಾಲ್ಕು–ಐದರ ಸಂದು ಅಂತಿತ್ತು. ಇಂಜೆಕ್ಷನ್ ಕೊಟ್ಟದ್ದೂ ನಾಲ್ಕು–ಐದಕ್ಕೇ. ಮತ್ತೆ ಯಾಕೆ ಗುಣವಾಗಲಿಲ್ಲ? ಕುತ್ತಿಗೆಯಿಂದ ಸೊಂಟದವರೆಗಿನ ಉದ್ದ ಚಿತ್ರ ತರಿಸಿ, ಪೆನ್ನಿನ ತುದಿಯಿಟ್ಟು ಮೇಲಿಂದ ಎಣಿಸಿದೆ. ಕುತ್ತಿಗೆಯಲ್ಲಿ 7, ಎದೆಯಲ್ಲಿ 12, ಸೊಂಟದಲ್ಲಿ 5 ಮಣಿ ಇರಬೇಕು. ಇವರಿಗೆ ಸೊಂಟದಲ್ಲಿ 6! ಹುಟ್ಟಿನಿಂದಲೇ ಕೆಲವರಿಗೆ ಹೀಗಿರುತ್ತದೆ, ಅದರಿಂದ ಸಾಮಾನ್ಯವಾಗಿ ತೊಂದರೆ ಏನಿಲ್ಲ. ಆದರೆ ಚಿತ್ರ ಓದಿದವರು ಕೆಳಗಿನಿಂದ ಎಣಿಸಿದ್ದರು, ಸೂಜಿ ಹಾಕಿದವರು ಪಕ್ಕೆಲುಬಿನಿಂದ ಕೆಳಕ್ಕೆ ಎಣಿಸಿದ್ದರು. ಹಾಗಾಗಿ ಒಬ್ಬರ ನಾಲ್ಕು–ಐದು ಇನ್ನೊಬ್ಬರ ನಾಲ್ಕು–ಐದು ಆಗಿರಲಿಲ್ಲ. ಔಷಧಿ ಒಂದು ಮನೆ ಮೇಲಿನ ನರಕ್ಕೆ ಹೋಗಿತ್ತು. ಆ ನರ ಹೆಬ್ಬೆರಳಿಗೆ ಬರುವುದೇ ಇಲ್ಲ. ಅವರ ಬೆರಳಿನ ಗೆರೆಯನ್ನು ಯಾರೂ ನೋಡಿರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ.

ಸಿ-ಆರ್ಮ್ ಅನ್ನುವ ಎಕ್ಸ್‌ರೇ ಯಂತ್ರದ ಕೆಳಗೆ ಮಲಗಿಸಿ ಸರಿಯಾದ ಕಿಂಡಿಗೆ ಸೂಜಿ ಇಟ್ಟೆವು. ಎಕ್ಸ್‌ರೇಯಲ್ಲಿ ಎದ್ದು ಕಾಣುವ ಕಾಂಟ್ರಾಸ್ಟ್ ದ್ರವವನ್ನು ಒಂದೆರಡು ಹನಿ ಬಿಟ್ಟಾಗ ಪರದೆಯ ಮೇಲೆ ನರದ ಗುಂಟ ಓರೆಯಾಗಿ ಒಂದು ಗೆರೆ ಇಳಿಯಿತು. ಅದೇ ಕ್ಷಣ ಅವರು, "ಅದೇ, ಅದೇ ನೋವು!" ಅಂದರು. ಔಷಧಿ ಹಾಕಿ, ಅರ್ಧ ಗಂಟೆ ಬಿಟ್ಟು ನಡೆಸಿದೆವು. ಕಾರಿಡಾರಿನ ಕೊನೆಯವರೆಗೆ ಹೋಗಿ ಗೋಡೆ ಮುಟ್ಟಿ ವಾಪಸ್ ಬಂದರು. ಆಮೇಲೆ ಎರಡು ತಿಂಗಳು ವ್ಯಾಯಾಮ. ಈಗ ನೆಲದ ಮೇಲೆ ನಿಂತೇ ಕಾರ್ಬನ್ ಫೈಬರ್ ದೋಟಿಯಲ್ಲಿ ಕೊನೆ ಇಳಿಸುತ್ತಾರೆ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ನೋವು ಕಾಲಿಗೆ ಇಳಿಯದೆ ಸೊಂಟದಲ್ಲೇ ಇದ್ದರೆ ಕೆಲವು ಸಲ ಅದು ಬೆನ್ನಿನ ಸಣ್ಣ ಕೀಲುಗಳದ್ದು. ಆ ಕೀಲಿನ ನರ ತೀರಾ ತೆಳು, ಎಂಆರ್‌ಐನಲ್ಲಿ ಸಿಗುವುದಿಲ್ಲ. ಓರೆಯಾಗಿ ಎಕ್ಸ್‌ರೇ ಹಿಡಿದರೆ ಮಣಿಯ ಆಕಾರ ಪುಟ್ಟ ನಾಯಿಯಂತೆ ಕಾಣುತ್ತದೆ. ಆ ನಾಯಿಯ ಕಣ್ಣಿನ ಹತ್ತಿರ ನರ ಇದೆ ಅಂತ ನಮಗೆ ಗೊತ್ತು. ಮೊದಲು ಆ ನರವನ್ನು ಮರಗಟ್ಟಿಸಿ ನೋಡುತ್ತೇವೆ. ನೋವು ಹೋದರೆ ಮಾತ್ರ, ಅದು ಮತ್ತೆ ನೋವನ್ನು ಸಾಗಿಸದ ಹಾಗೆ, ಸೂಜಿಯ ತುದಿಯಿಂದ ಆ ನರಕ್ಕೆ ಸುಮಾರು 80 ಡಿಗ್ರಿ ಶಾಖ ಕೊಡುತ್ತೇವೆ. ಇಲ್ಲೂ ಅದೇ ಮಾತು, ಮೊದಲು ನರ ಯಾವುದು ಅಂತ ಗೊತ್ತಾಗಬೇಕು.

ಆಸ್ಪತ್ರೆಗೆ ಬರುವಾಗ ಬರೀ ರಿಪೋರ್ಟಿನ ಹಾಳೆ ತರಬೇಡಿ, ಫಿಲಂ ಅಥವಾ ಸಿಡಿ ತನ್ನಿ. ಮನೆಯಲ್ಲೇ ಒಂದು ಕಾಗದದಲ್ಲಿ ಮನುಷ್ಯನ ಆಕಾರ ಬರೆದು ನಿಮ್ಮ ನೋವಿನ ದಾರಿಗೆ ಪೆನ್ನಲ್ಲಿ ಗೆರೆ ಎಳೆಯಿರಿ. ಯಾರೂ ಕೇಳದಿದ್ದರೂ ನೀವೇ ತೋರಿಸಿ. ಸಂಕೋಚ ಬೇಡ.

ಒಂದು ವಿಷಯಕ್ಕೆ ಮಾತ್ರ ಗೆರೆಯೂ ಬೇಡ, ಕಾಯುವುದೂ ಬೇಡ. ಮೂತ್ರ ಕಟ್ಟಿಕೊಂಡರೆ, ಅಥವಾ ತಿಳಿಯದೆ ಹೋದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲು ಆಗದೆ ಜೋತು ಬಿದ್ದರೆ, ಬೆಳಗಾಗಲಿ ಅಂತ ಸುಮ್ನೆ ಮಲಗಬೇಡಿ. ಆ ರಾತ್ರಿಯೇ ದೊಡ್ಡಾಸ್ಪತ್ರೆಗೆ ಹೊರಡಿ.

ನಮಸ್ಕಾರ.