ಮೊದಲು ಮಾಸ್ಕ್, ಆಮೇಲೆ ಮದ್ದು: ರಾಸಾಯನಿಕ ದಾಳಿಗೆ ಸೇನಾ ವೈದ್ಯರ ತಯಾರಿ

[ದೃಶ್ಯ: ಮೈ ಪೂರ್ತಿ ಮುಚ್ಚುವ ಸೂಟ್, ಮಾಸ್ಕ್ ಹಾಕಿದ ಇಬ್ಬರು ಸ್ಟ್ರೆಚರ್ ಹೊತ್ತು ಬರುತ್ತಿದ್ದಾರೆ]

ನಮಸ್ಕಾರ. ಗಾಯಾಳು ಒದ್ದಾಡುತ್ತಿದ್ದರೆ ವೈದ್ಯರು ಓಡಿ ಹೋಗಿ ಕೈ ಹಾಕುತ್ತಾರೆ, ಅಲ್ವಾ? ರಾಸಾಯನಿಕ ದಾಳಿಯ ತರಬೇತಿಯಲ್ಲಿ ಮೊದಲು ತಡೆಯುವುದು ಈ ಆತುರವನ್ನೇ. ಮಾಸ್ಕ್ ಹಾಕದೆ ಮುಟ್ಟಿದರೆ ವೈದ್ಯರೇ ರೋಗಿಯಾಗುತ್ತಾರೆ.

ಇದು ಸುಮ್ನೆ ಹೇಳುವ ಮಾತಲ್ಲ. 1995ರ ಮಾರ್ಚ್ 20ರಂದು ಟೋಕಿಯೋದ ಸುರಂಗ ರೈಲುಗಳಲ್ಲಿ ಓಂ ಶಿನ್ರಿಕ್ಯೋ ಪಂಥದವರು ಸರೀನ್ ಎಂಬ ನರವಿಷ ಹರಡಿದರು. ಸೇಂಟ್ ಲೂಕ್ಸ್ ಆಸ್ಪತ್ರೆಗೆ ಅದೊಂದೇ ದಿನ 640 ಜನ ಬಂದರು. ಬಂದವರ ಬಟ್ಟೆಯಲ್ಲೇ ಸರೀನ್ ಇತ್ತು. ಅದು ಆವಿಯಾಗಿ ಚಿಕಿತ್ಸೆ ಕೊಡುತ್ತಿದ್ದವರಿಗೂ ತಗುಲಿತು. ತಮಗೂ ತೊಂದರೆಯಾಯಿತು ಎಂದು ಆಮೇಲೆ ಹೇಳಿದ ಸಿಬ್ಬಂದಿ 110 ಮಂದಿ. ಅವರನ್ನು ದೂರುವಂತಿಲ್ಲ. ಬಂದಿರುವುದು ಯಾವ ವಿಷ ಅಂತಲೇ ಆರಂಭದಲ್ಲಿ ಗೊತ್ತಿರಲಿಲ್ಲ.

[ದೃಶ್ಯ: ಹಳೆಯ ಬಂದರಿನ ಚಿತ್ರ]

1943ರ ಡಿಸೆಂಬರ್ 2ರಂದು ಇಟಲಿಯ ಬಾರಿ ಬಂದರಿನಲ್ಲಿ ಆಗಿದ್ದು ಇನ್ನೂ ಘೋರ. ಜರ್ಮನ್ ವಿಮಾನಗಳು ಬಾಂಬ್ ಹಾಕಿದಾಗ, ಗುಟ್ಟಾಗಿ ಮಸ್ಟರ್ಡ್ ಎಂಬ, ಬೊಬ್ಬೆ ಎಬ್ಬಿಸುವ ವಿಷ ತುಂಬಿಕೊಂಡಿದ್ದ ಅಮೆರಿಕದ ಜಾನ್ ಹಾರ್ವೆ ಹಡಗು ಸಿಡಿಯಿತು. ವಿಷ ಎಣ್ಣೆಯ ಜೊತೆ ಸೇರಿ ನೀರಿನಲ್ಲಿ ತೇಲಿತು. ಈಜಿ ಬಂದ ನಾವಿಕರಿಗೆ ಎಣ್ಣೆ ಹತ್ತಿದ ಒದ್ದೆ ಬಟ್ಟೆಯಲ್ಲೇ ಕಂಬಳಿ ಹೊದಿಸಿದರು. ಮಸ್ಟರ್ಡ್ ತಗುಲಿದ ತಕ್ಷಣ ನೋವಾಗುವುದಿಲ್ಲ. ಗಂಟೆಗಳ ನಂತರ ಕಣ್ಣು ಊದಿದವು, ಚರ್ಮ ಬೊಬ್ಬೆ ಎದ್ದಿತು. 83 ಜನ ತೀರಿಕೊಂಡರು. ಆಗಲೇ ಬಟ್ಟೆ ಬಿಚ್ಚಿ ಮೈ ತೊಳೆದಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು.

ಅದಕ್ಕೇ ತರಬೇತಿಯಲ್ಲಿ ಬಟ್ಟೆ ಕತ್ತರಿಸುವುದನ್ನೇ ಮತ್ತೆ ಮತ್ತೆ ಮಾಡಿಸುತ್ತಾರೆ. ಕತ್ತರಿಸಿದ ಬಟ್ಟೆಯನ್ನು ಹೊರಮುಖವಾಗಿ ಮಡಚಬೇಕು. ವಿಷ ಹತ್ತಿದ ಮೇಲ್ಭಾಗ ಚರ್ಮಕ್ಕೆ ತಾಗಬಾರದು. ಕತ್ತರಿಯನ್ನು ಆಗಾಗ ಬ್ಲೀಚ್ ನೀರಿಗೆ ಅದ್ದಬೇಕು. ಗಾಯಾಳುವಿನ ಮಾಸ್ಕ್ ಮಾತ್ರ ಶುದ್ಧ ಜಾಗ ಸೇರುವವರೆಗೆ ತೆಗೆಯುವ ಹಾಗಿಲ್ಲ. ಕಲಿಯುವವರ ಕೆಲಸ ಪರೀಕ್ಷಿಸಲು ಹೊಳೆಯುವ ಪುಡಿ ಹಚ್ಚುವುದೂ ಉಂಟು. ನೇರಳಾತೀತ ಬೆಳಕು ಬಿಟ್ಟರೆ ಎಲ್ಲಿ ಬಿಟ್ಟುಹೋಗಿದೆ ಅಂತ ಎದ್ದು ಕಾಣುತ್ತದೆ.

[ದೃಶ್ಯ: ತೊಡೆಗೆ ಆಟೋ ಇಂಜೆಕ್ಟರ್ ಒತ್ತುವ ಕೈ]

ಸರೀನ್‌ನಂಥ ನರವಿಷ ತಗುಲಿದರೆ ಕಾಯಲು ಸಮಯವೇ ಇರುವುದಿಲ್ಲ. ನರಗಳ ಸಂದೇಶ ನಿಲ್ಲಿಸುವ ಕಿಣ್ವವನ್ನೇ ಅದು ಕಟ್ಟಿಹಾಕುತ್ತದೆ. ಜೊಲ್ಲು ಸುರಿಯುತ್ತದೆ, ಕಣ್ಣಿನ ಪಾಪೆ ಕುಗ್ಗುತ್ತದೆ, ಫಿಟ್ಸ್ ಬರುತ್ತದೆ, ಉಸಿರು ಕಟ್ಟುತ್ತದೆ. ಇಂಥವರಿಗೆ ಮದ್ದು ಮೊದಲು, ಸ್ನಾನ ಆಮೇಲೆ. ಅಟ್ರೋಪಿನ್ ಚುಚ್ಚುಮದ್ದನ್ನು ಬಟ್ಟೆಯ ಮೇಲಿಂದಲೇ ತೊಡೆಗೆ ಕೊಡಬಹುದು. ಜೊತೆಗೆ ಕಿಣ್ವವನ್ನು ಬಿಡಿಸುವ ಪ್ರಾಲಿಡಾಕ್ಸಿಮ್, ಫಿಟ್ಸ್‌ಗೆ ಡಯಾಜಿಪಾಮ್. ಸೋಮಾನ್ ಎಂಬ ನರವಿಷವಾದರೆ ಕಿಣ್ವದ ಮೇಲಿನ ಹಿಡಿತ ಕೆಲವೇ ನಿಮಿಷಗಳಲ್ಲಿ ಬಿಗಿಯಾಗಿ, ಪ್ರಾಲಿಡಾಕ್ಸಿಮ್ ಉಪಯೋಗಕ್ಕೇ ಬರುವುದಿಲ್ಲ.

ಹೊಸಬರು ಎಡವುವ ಜಾಗವೊಂದಿದೆ. ಅಟ್ರೋಪಿನ್ ಸಾಕಾಯಿತೇ ಎಂದು ತಿಳಿಯಲು ಕಣ್ಣಿನ ಪಾಪೆ ನೋಡುತ್ತಾರೆ. ಅದು ತಪ್ಪು ದಾರಿ. ಬಾಯಿ, ಎದೆಯ ದ್ರವ ಒಣಗಿತೇ, ಉಸಿರಾಟ ಸಲೀಸಾಯಿತೇ ಅಂತ ನೋಡಬೇಕು. ಆಗಿಲ್ಲವೆಂದರೆ ಮತ್ತೆ ಕೊಡಬೇಕು.

ಇದೆಲ್ಲ ಪುಸ್ತಕದಲ್ಲಿ ಸುಲಭ. ದಪ್ಪ ರಬ್ಬರ್ ಕೈಗವಸಿನಲ್ಲಿ ನಾಡಿ ಸಿಗುವುದಿಲ್ಲ. ಮಾಸ್ಕ್ ಹಾಕಿಕೊಂಡು ಸ್ಟೆಥೋಸ್ಕೋಪ್ ಬಳಸುವುದೇ ಕಷ್ಟ. ಸೂಟಿನೊಳಗೆ ಸೆಕೆ ಬೇರೆ. ಚಿಕಿತ್ಸೆ ಕೊಡುವವರೇ ಕುಸಿದು ಬೀಳದ ಹಾಗೆ ಬೇಗ ಬೇಗ ಪಾಳಿ ಬದಲಿಸುವುದನ್ನೂ ಕಲಿಸಬೇಕು. ಬೆವರುವ, ನಡುಗುವ ಬೊಂಬೆಗಳ ಮೇಲೆ, ಪೂರ್ತಿ ಸೂಟ್ ಹಾಕಿಸಿಯೇ ಅಭ್ಯಾಸ ಮಾಡಿಸುವುದು ಇದಕ್ಕೇ.

ದೇಶಗಳು ಘೋಷಿಸಿದ್ದ ರಾಸಾಯನಿಕ ಅಸ್ತ್ರಗಳೆಲ್ಲ 2023ರ ಜುಲೈಗೆ ನಾಶವಾದವಲ್ಲ, ಇನ್ನೇಕೆ ಈ ಪಾಡು ಅಂತ ಕೇಳಬಹುದು. ಸಿರಿಯಾ ತನ್ನ ದಾಸ್ತಾನು ಒಪ್ಪಿಸಲು ಒಪ್ಪಿದ್ದು 2013ರಲ್ಲಿ. ಅಲ್ಲಿನ ಖಾನ್ ಶೇಖೂನ್ ಊರಿನ ಮಕ್ಕಳು ಸರೀನ್‌ಗೆ ಸಿಕ್ಕಿದ್ದು 2017ರಲ್ಲಿ.